ಹಮೀದಾಕನ ಉಪ್ಪರಿಗೆ

ಪಕ್ಕದ ಹಿತ್ತಲಲ್ಲಿ ಹೊಸ ಗೋಡೆಗೆ ನೀರು ಹಾಯಿಸುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆಗೆ ನಿಮಗೆ ಗೃಹಪ್ರವೇಶದ ಪಾಯಸ ನೆನಪಾಗಬಹುದು. ನನಗೆ ಒಂದನೇ ತರಗತಿಯ ಹಾಜರಿ ನೆನಪಾಗುತ್ತದೆ. ನಗಬೇಡಿ, ಕಾರಣ ಉಂಟು.

ತೊಂಬತ್ತರ ದಶಕದ ಕೊನೆಗೆ ಪಾಣೆಮಂಗಳೂರಿನ ಹತ್ತಿರದ ಒಂದು ಕನ್ನಡ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಊರ ಗಂಡಸರು ಗಲ್ಫಿನಲ್ಲಿ ಬೆವರುತ್ತಿದ್ದರು. ಅವರ ಮಕ್ಕಳು ಟೈ ಕಟ್ಟಿಕೊಂಡು, ವ್ಯಾನು ಹತ್ತಿ, ಇಂಗ್ಲಿಷ್ ಶಾಲೆಯಲ್ಲಿ ಬೆವರುತ್ತಿದ್ದರು. ಮೇ ತಿಂಗಳಲ್ಲಿ ಕೊಡೆ ಹಿಡಿದು ಮನೆಮನೆಗೆ ಮಕ್ಕಳನ್ನು ಕೇಳಲು ಹೋದರೆ ಶರಬತ್ತು ಸಿಗುತ್ತಿತ್ತು, ಮಕ್ಕಳು ಸಿಗುತ್ತಿರಲಿಲ್ಲ. ಒಂದನೇ ತರಗತಿಗೆ ಯಾರೂ ಬಾರದಿದ್ದರೆ ಶಾಲೆಗೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು.

ಉಳಿಸಿದ್ದೂ ಗಲ್ಫಿನ ಹಣವೇ ಎನ್ನಿ. ಹಮೀದಾಕ, ನಮ್ಮ ಶಾಲೆಯಲ್ಲೇ ಕಲಿತು ಮೊಮ್ಮಕ್ಕಳನ್ನು ವ್ಯಾನು ಹತ್ತಿಸಿದ ಸಜ್ಜನರು, ಮಗ ಕಳಿಸಿದ ದುಡ್ಡಿನಲ್ಲಿ ಶಾಲೆಯೆದುರೇ ಮನೆ ಕಟ್ಟಿಸತೊಡಗಿದರು. ಕೆಲಸಕ್ಕೆ ಬಿಜಾಪುರದ ಕಡೆಯ ಕುಟುಂಬಗಳು ಬಂದವು. ಅವರ ಮಕ್ಕಳು ನಮ್ಮ ಬೆಂಚಿಗೆ ಬಂದರು. ತುಳು, ಬ್ಯಾರಿ ಆಡುವ ಮಕ್ಕಳಿಗೆ ಕನ್ನಡ ಕಲಿಸಿಯೇ ತಲೆ ನರೆತ ನನಗೆ, ಮನೆಯಲ್ಲೂ ಕನ್ನಡವನ್ನೇ ಆಡುವ ಮಕ್ಕಳು ಮೊದಲ ಬಾರಿ ಸಿಕ್ಕಿದರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಅದು ಬೇರೆ ಮಾತು. "ಮಕ್ಕಳೇ, ಈಗ ಊಟಕ್ಕೆ ತೆರಳೋಣ" ಎಂದರೆ ರೇಣವ್ವ ಎಂಬ ಹುಡುಗಿ ಬಾಯಿಗೆ ಕೈಯಿಟ್ಟು ನಗುತ್ತಿದ್ದಳು: "ಉಣ್ಣಾಕ ಕರಿಯೂದಕ್ಕೂ ಪುಸ್ತಕ ಓದಿದಂಗ ಅಂತೀರಲ್ರಿ ಸರ!"

ಗೋಡೆ ಏಳುತ್ತಿದ್ದಂತೆ ನನ್ನ ನಿದ್ದೆ ಇಳಿಯಿತು. ಮನೆ ಮುಗಿದರೆ ಮಕ್ಕಳೂ ಹೊರಟರಲ್ಲ! ತಾರಸಿ ಹಾಕಿದ ದಿನ ಎಲ್ಲರೂ ಬಿರಿಯಾನಿ ತಿಂದರು. ನಾನು ತಿಥಿಗೆ ಬಂದವನ ಮುಖ ಹೊತ್ತು ನಿಂತಿದ್ದೆ. ಕೊನೆಗೆ, ಇಲಾಖೆಯ ಯಾವ ಸುತ್ತೋಲೆಯೂ ಸೂಚಿಸದ ಕ್ರಮವೊಂದನ್ನು ಕೈಗೊಂಡೆ.

"ಹಮೀದಾಕ, ಮೇಲೊಂದು ಉಪ್ಪರಿಗೆ ಹಾಕುವ."

"ಯಾರಿಗೆ ಮಾಷ್ಟ್ರೇ? ಕೆಳಗಿನ ಕೋಣೆಗೇ ಜನ ಇಲ್ಲ."

"ಮನೆಗೊಂದು ಗತ್ತು ಬರ್ತದೆ."

ಅವರು ಶಾಲೆಯ ಕಡೆ ನೋಡಿ ಗಡ್ಡ ನೀವಿದರು. "ಗತ್ತು ಮನೆಗಾ, ಒಂದನೇ ಕ್ಲಾಸಿಗಾ? ಆಗ್ಲಿ ಮಾರಾಯ್ರೇ. ಮೊಮ್ಮಕ್ಕಳನ್ನು ಕೊಡ್ಲಿಕ್ಕೆ ಸೊಸೆ ಬಿಡುವುದಿಲ್ಲ. ಉಪ್ಪರಿಗೆ ಕೊಡ್ತೇನೆ."

ಕೊಟ್ಟರು. ಶಾಲೆ ಮತ್ತೊಂದು ವರ್ಷ ನಡೆಯಿತು. ಬಣ್ಣ ಬಳಿದ ವಾರವೇ ರೇಣವ್ವನ ಮನೆಯವರು ಮೂಡುಬಿದಿರೆಯ ಕಡೆ ಹೊಸ ಕೆಲಸಕ್ಕೆ ಹೊರಟರು; ಜೂನಿನಲ್ಲಿ ಬೀಗ ಬಿತ್ತು. ಆ ಉಪ್ಪರಿಗೆಯ ಮೇಲೆ ಇನ್ನೊಂದನ್ನು ಕೇಳುವ ಮುಖ ನನಗಿರಲಿಲ್ಲ.

ಈಗ ಬೇಲಿಯಾಚೆ ಮರಳಿನ ರಾಶಿಯ ಮೇಲೆ ಒಬ್ಬ ಪುಟ್ಟ ಹುಡುಗಿ ಕೂತಿದ್ದಾಳೆ. ಹಳೆಯ ಚಾಳಿಯಂತೆ ಮೊದಲು ಮನೆಗೆ ಉಪ್ಪರಿಗೆ ಉಂಟೇ ಎಂದು ತಲೆಯೆತ್ತಿ ನೋಡಿದೆ. ನೋಡಿ ಇನ್ನೇನಾಗಬೇಕು? ತಲೆ ತಗ್ಗಿಸಿ ಕೇಳಿದೆ:

"ನಿನ್ನ ಹೆಸರೇನು, ಮಗು?"

"ಮಾದೇವಿ ರೀ. ನೀವು ಮಾಸ್ತರೇನ್ರಿ?"

"ಹೇಗೆ ತಿಳಿಯಿತು?"

"ಪುಸ್ತಕ ಓದಿದಂಗ ಮಾತಾಡ್ತೀರಿ."

ಹೌದೆಂದೆ. ಆಮೇಲೆ ಒಳಗಿನಿಂದ ಚಾಪೆ ತಂದು ಜಗಲಿಯಲ್ಲಿ ಹಾಸಿದೆ.