ತಲೆಗಿಂತ ಎತ್ತರದ ಸ್ಕೀ

ನಮ್ಮ ಕನ್ನಡ ಬಳಗ ತುಳಸಿಗೆ ಎಷ್ಟೋ ಜನವರಿಗಳ ಅಡುಗೆ ಕೂಲಿ ಬಾಕಿ ಉಳಿಸಿಕೊಂಡಿದೆ. ಕೇಳಿದರೆ, ‘ಮನೆಯವರ ನಡುವೆ ಎಂಥ ಕೂಲಿ’ ಅನ್ನುತ್ತಾರೆ. ಇದೇ ಮಾತನ್ನು ನಾನು ಹರೆಯದಲ್ಲಿ ಕೂಲಿ ಕೇಳುವವರ ಜೊತೆ ಬೀಡಿ ಕಾರ್ಖಾನೆಗಳ ಗೇಟಿನ ಮುಂದೆ ನಿಂತು, ಮಾಲೀಕರ ಬಾಯಲ್ಲಿ, ಬೇಕಾದಷ್ಟು ಸಲ ಕೇಳಿದ್ದೇನೆ. ಅಲ್ಲಿಯೂ ಎಲ್ಲರೂ ಮನೆಯವರೇ ಆಗಿದ್ದರು.

ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೊ ಕಡೆಯ ಹತ್ತಾರು ಕುಟುಂಬಗಳು ಜನವರಿಯಲ್ಲಿ ಬಿಗ್ ಬೇರ್ ಬೆಟ್ಟಕ್ಕೆ ಹೋಗಿ ದೊಡ್ಡದೊಂದು ಮರದ ಮನೆ ಬಾಡಿಗೆಗೆ ಹಿಡಿಯುತ್ತೇವೆ. ಗಂಡಸರು, ಮಕ್ಕಳು ಹಿಮದ ಮೇಲೆ. ನಲವತ್ತು ದಾಟಿದ ನಾವು ಹೆಂಗಸರು ಒಲೆಯ ಮುಂದೆ. ಹಾಗಂತ ಯಾರೂ ನಿಯಮ ಮಾಡಿಲ್ಲ. ಮಾಡದ ನಿಯಮವನ್ನು ಮುರಿಯುವುದೇ ಕಷ್ಟ.

ತುಳಸಿ ರಾಣೆಬೆನ್ನೂರಿನವಳು, ಸ್ಯಾನ್ ಡಿಯೇಗೊ ಹತ್ತಿರದ ಪೊವೇಯಲ್ಲಿ ನಮ್ಮ ಪಕ್ಕದ ಮನೆ. ಮನೆಯಲ್ಲೇ ಮಕ್ಕಳ ಡೇಕೇರ್ ನಡೆಸುತ್ತಾಳೆ. ಎತ್ತರ ಐದಡಿ, ತೂಕ ಎಂಬತ್ತನಾಲ್ಕು ಕಿಲೋ. ಸೊಂಟದ ಎರಡೂ ಕಡೆ ಒಂದೊಂದು ಮಗುವನ್ನು ಇಟ್ಟುಕೊಂಡು ಮೆಟ್ಟಿಲು ಹತ್ತುವಾಗಲೂ ಫೋನಿನಲ್ಲಿ ಜಗಳ ಆಡಬಲ್ಲಳು. ಉಸಿರು ಕಟ್ಟುವುದಿಲ್ಲ. ಅವಳ ಗಂಡ ವಸಿಷ್ಠ ಮೈಸೂರಿನವನು, ಪೊವೇಯ ಬಿಸಿನೆಸ್ ಪಾರ್ಕಿನಲ್ಲೇ ಎಂಜಿನಿಯರ್. ಒಳ್ಳೆಯವನು. ಲೋಕದಲ್ಲಿ ಅರ್ಧ ತೊಂದರೆ ಒಳ್ಳೆಯವರಿಂದಲೇ ಬರುತ್ತದೆ.

2020ರಲ್ಲಿ ಕೊರೋನಾ ಬಂದು ಡೇಕೇರ್ ಕೆಲವು ಕಾಲ ಮುಚ್ಚಿತು. ಬಳಗದ ಪ್ರವಾಸವೂ ನಿಂತಿತು. ಮುಂದಿನ ಚಳಿಗಾಲ ತುಳಸಿ ವಾರದ ನಡುವೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬೆಟ್ಟಕ್ಕೆ ಹೋದಳು. ಹಿಮದ ಮೇಲೆ ಜಾರುವ ಹಲಗೆಗಳನ್ನು, ಅಂದರೆ ಸ್ಕೀಯನ್ನು, ಬಾಡಿಗೆಗೆ ತೆಗೆದುಕೊಂಡು, ಆರು ವರ್ಷದ ಮಕ್ಕಳ ಜೊತೆ ಸಾಲಿನಲ್ಲಿ ನಿಂತು, ಬಿದ್ದು ಎದ್ದು ಕಲಿತಳು. ಎರಡು ಚಳಿಗಾಲ ಹೀಗೆ ಹೋಯಿತು. ಕಡಿದಾದ ಇಳಿಜಾರನ್ನೂ ನಿಂತುಕೊಂಡೇ ಇಳಿಯುವಷ್ಟಾದಳು.

2023ರ ಜನವರಿಯಲ್ಲಿ ಪ್ರವಾಸ ಮತ್ತೆ ಶುರುವಾದಾಗ, ‘ನಾನೂ ನಿಮ್ಮ ಜೋಡಿ ಮ್ಯಾಲ ಬರಾಕಿ’ ಅಂದಳು. ಎಲ್ಲರೂ ನಕ್ಕರು. ಆದರೂ ಕರೆದುಕೊಂಡು ಹೋದರು.

ಬಾಡಿಗೆ ಅಂಗಡಿಯ ಕೌಂಟರಿನಲ್ಲಿ ಉದ್ದ ಸಾಲು. ಹಿಂದೆ ಮುಂದೆ ಎಲ್ಲ ನಮ್ಮವರೇ. ಕೌಂಟರಿನ ಹುಡುಗಿ ತುಳಸಿಯ ತೂಕ ಕೇಳಿದಳು. ಸ್ಕೀಗೆ ಬೂಟು ಕಚ್ಚಿಸುವ ಬೈಂಡಿಂಗ್ ಬಿದ್ದಾಗ ತಾನಾಗಿ ಕಳಚಬೇಕು, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಎಷ್ಟು ಒತ್ತಿದರೆ ಕಳಚಬೇಕು ಎನ್ನುವುದನ್ನು ಮುಖ್ಯವಾಗಿ ಮೈತೂಕ ನೋಡಿ ಬಿಗಿ ಮಾಡುತ್ತಾರೆ. ತುಳಸಿ ಬಾಯಿ ತೆರೆಯುವ ಮೊದಲೇ ವಸಿಷ್ಠ, “ಒನ್ ಥರ್ಟಿ” ಅಂದುಬಿಟ್ಟ. ನೂರ ಮೂವತ್ತು ಪೌಂಡು. ನಿಜವಾದ ತೂಕ ನೂರ ಎಂಬತ್ತೈದು. ಗದ್ದಲದಲ್ಲಿ ತುಳಸಿಗೆ ಅದು ಕೇಳಿಸಲಿಲ್ಲ. ಅವಳು ಬೂಟಿನೊಳಗೆ ಕಾಲು ತುರುಕುತ್ತಿದ್ದಳು.

ಹುಡುಗಿ ಗಲ್ಲದ ಎತ್ತರದ ಮೆತ್ತನೆಯ ಸ್ಕೀ ಕೊಟ್ಟಳು, ಬೈಂಡಿಂಗನ್ನು ನೂರ ಮೂವತ್ತು ಪೌಂಡಿಗೆ ತಿರುಗಿಸಿದಳು. ಬೆಳಗಿನ ಹಿಮ ಗಾಜಿನಂತಿತ್ತು. ಮೂರನೇ ತಿರುವಿನಲ್ಲಿ ತುಳಸಿ ಮೈಭಾರ ಹಾಕಿದ್ದೇ ಸ್ಕೀ ಕಳಚಿ ಹಾರಿತು. ಅವಳು ಮುಖ ಅಡಿಯಾಗಿ ಜಾರಿ ಬಂದಳು. ತುಟಿ ಸೀಳಿತು, ಮಣಿಕಟ್ಟು ಊದಿತು.

ಕೆಳಗೆ ಡಾಕ್ಟರ್ ದಿವಾಕರ ನಿಂತಿದ್ದರು. ಲಾಸ್ ಏಂಜಲೀಸ್ ಕಡೆಯ ಗ್ಲೆಂಡೇಲಿನಲ್ಲಿ ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರು, ಬಳಗದ ಹಿರಿಯರು, ಪ್ರವಾಸದ ಯಜಮಾನರು. ಮಣಿಕಟ್ಟು ಮುಟ್ಟಿ ನೋಡಿ, ಮುರಿದಿಲ್ಲ ಅಂದರು. ಆಮೇಲೆ, “ಈ ವಯಸ್ಸಿಗೆ ಇದೆಲ್ಲಾ ಯಾಕಮ್ಮಾ? ಕ್ಯಾಬಿನ್‌ನಲ್ಲಿ ಬೆಚ್ಚಗೆ ಕೂತ್ಕೊಂಡು ಎಲ್ರಿಗೂ ನಾಲ್ಕು ಚಪಾತಿ ತಟ್ಟಬಾರ್ದಾ?” ಅಂದರು.

ಸ್ಕೀ ವಾಪಸು ಕೊಡುವಾಗ ಅಂಗಡಿಯವನು ಬೈಂಡಿಂಗ್ ನೋಡಿದ, ತುಳಸಿಯನ್ನು ನೋಡಿದ, ಇದನ್ನು ಇಷ್ಟು ಸಡಿಲ ಯಾರಿಗೆ ಇಟ್ಟಿದ್ದು ಎಂದು ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ವಸಿಷ್ಠ ಕನ್ನಡಕ ಒರೆಸತೊಡಗಿದ.

ಪೊವೇಗೆ ವಾಪಸು ಬರುವಾಗ ನಾನು ಅವರ ಕಾರಿನ ಹಿಂದಿನ ಸೀಟಿನಲ್ಲಿದ್ದೆ.

“ನಾ ಒಬ್ಬಾಕಿನ ಬಂದಾಗ ಒಮ್ಮಿನೂ ಕಳಚಿಲ್ಲ. ಇವತ್ಯಾಕ ಕಳಚ್ತು?” ತುಳಸಿ ಕೇಳಿದಳು. ತುಟಿಗೆ ಐಸ್ ಒತ್ತಿಕೊಂಡಿದ್ದಳು.

“ಎಲ್ರೂ ನಿಂತಿದ್ರು ಕಣೆ. ನಿನ್ನ ಮರ್ಯಾದೆ…”

“ನನ್ನ ಮರ್ಯಾದಿ ಪೌಂಡಿನ್ಯಾಗ ಐತೇನು?”

“ಹಾಗಲ್ಲ…”

“ಹಂಗ ಐತಿ. ನನ್ನ ಮಾರಿ ಐಸಿಗೆ ತಿಕ್ಕಿ ನಿನ್ನ ಮರ್ಯಾದಿ ಉಳಿಸ್ಕೊಂಡಿ. ಅಕ್ಕಾರ, ನೀವ ಹೇಳ್ರಿ, ಇದಕ್ಕ ಏನಂತಾರ?”

“ಕಳ್ಳತೂಕ ಅಂತಾರೆ,” ಅಂದೆ.

ಪ್ರತಿ ಭಾನುವಾರ ಆ ಬೆಟ್ಟದಲ್ಲಿ ಕಂಬಗಳನ್ನು ನೆಟ್ಟು, ಗಡಿಯಾರ ಇಟ್ಟು, ದುಡ್ಡು ಕೊಟ್ಟ ಯಾರನ್ನಾದರೂ ಓಡಿಸುತ್ತಾರೆ. ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯಬೇಕು, ಅದಕ್ಕೇ ಗೇಟ್ ಓಟ ಅನ್ನುತ್ತಾರೆ. ನಮ್ಮ ಗಂಡಸರಿಗೆ ಇಡೀ ಪ್ರವಾಸದ ಸಡಗರವೇ ಅದು. ತುಳಸಿಗೂ ಅದೇ ಆಸೆ, ಒಮ್ಮೆ ಆ ಕಂಬಗಳ ನಡುವೆ ಇಳಿಯಬೇಕು. ಇದು ಗೊತ್ತಾದ ದಿವಾಕರ ಬಳಗದ ವಾಟ್ಸಾಪಿನಲ್ಲಿ ಹೊಸ ಕಟ್ಟಳೆ ಹಾಕಿದರು: ಬರುವ ವರ್ಷದಿಂದ ನಮ್ಮವರಲ್ಲಿ ಸ್ವಂತ ರೇಸ್ ಸ್ಕೀ ಇದ್ದವರು ಮಾತ್ರ ಗೇಟ್ ಓಟಕ್ಕೆ. ಸೇಫ್ಟಿ. ಕೆಳಗೆ ಕೈಮುಗಿಯುವ ಚಿತ್ರ.

ತುಳಸಿ ಅದರ ಕೆಳಗೆ ಬರೆದಳು: ‘ಆಯ್ತ್ರಿ. ತಗೋತೀನಿ.’

ದಿವಾಕರರು ಉದಾರಿಗಳು. ‘ಬೇಕಾದ್ರೆ ನನ್ನ ಸ್ಕೀನೇ ಗ್ಯಾರೇಜಲ್ಲಿದೆ’ ಅಂದರು, ಇವಳು ತರಲು ಬರುವುದಿಲ್ಲ ಎಂಬ ಧೈರ್ಯದಲ್ಲಿ. ಅವಳು ಅದೇ ವಾರ ಗ್ಲೆಂಡೇಲಿಗೆ ಹೋಗಿ ಕಾರಿನ ನೆತ್ತಿಗೆ ಕಟ್ಟಿಕೊಂಡು ಬಂದಳು.

ಆ ಸ್ಕೀ ನೂರ ಎಂಬತ್ತೆಂಟು ಸೆಂಟಿಮೀಟರ್. ರೇಸ್ ಸ್ಕೀಗಳಲ್ಲಿ ಜೈಂಟ್ ಸ್ಲಾಲಮ್ ಎಂಬ ಜಾತಿ, ಭಾರೀ ವೇಗದಲ್ಲಿ ಅಗಲವಾದ ತಿರುವು ತೆಗೆಯುವವರಿಗೆ ಮಾಡಿದ್ದು. ದೊಡ್ಡದೇ ಒಳ್ಳೆಯದು ಎಂದು ದಿವಾಕರ ಕೊಂಡಿದ್ದರು. ಆ ವರ್ಷ ಹಿಮ ದಾರಿಗಳನ್ನೇ ಮುಚ್ಚಿ ಏಪ್ರಿಲ್‌ವರೆಗೂ ಕೂತಿತ್ತು. ದಾರಿ ತೆರೆದ ಮೇಲೆ, ಬೈಂಡಿಂಗನ್ನು ತನ್ನ ತೂಕಕ್ಕೆ ಸರಿಮಾಡಿಸಿಕೊಂಡು ತುಳಸಿ ಅದರ ಮೇಲೆ ಇಳಿದಳು, ನಾನು ಕೆಳಗೆ ನಿಂತು ನೋಡಿದೆ. ಬ್ರೇಕು ಕೆಟ್ಟ ಲಾರಿ ಘಾಟಿ ಇಳಿದಂತೆ ಸ್ಕೀ ನೇರ ಬಂತು. ತಿರುಗಬೇಕಾದರೆ ಸ್ಕೀ ಬಗ್ಗಬೇಕು. ಅದು ಬಗ್ಗಬೇಕಾದರೆ ಆ ವೇಗ ಬೇಕು, ಆ ವೇಗಕ್ಕೆ ಜಾಗ ಬೇಕು. ನಮ್ಮ ಕಡೆಯ ಬೆಟ್ಟಗಳಲ್ಲಿ ಇಳಿಜಾರು ಗಿಡ್ಡ, ಜನ ಜಾಸ್ತಿ, ಹಿಮವೂ ಹೆಚ್ಚಿನ ವರ್ಷ ಯಂತ್ರದಿಂದ ಉಗುಳಿದ್ದು. ತುಳಸಿ ಬೇಲಿಯ ಬಲೆಗೆ ಹೋಗಿ ನಿಂತಳು. ಎದ್ದು ಬಂದವಳು ಅಳಲೂ ಇಲ್ಲ, ನಗಲೂ ಇಲ್ಲ.

ಸ್ಕೀ ವಾಪಸು ಕೊಟ್ಟು ದಿವಾಕರರಿಗೆ ಹೇಳಿದಳು: “ಡಾಕ್ಟ್ರ, ಇದು ನನಗ ಉದ್ದ ಆತ್ರಿ. ಸಿಟ್ಟಾಗಬ್ಯಾಡ್ರಿ, ನಿಮಗೂ ಉದ್ದನ ಐತಿ.”

“ಅಮ್ಮಾ, ನಾನು ಹತ್ತು ವರ್ಷದಿಂದ ಇದರ ಮೇಲೇ ಓಡ್ತಿದೀನಿ.”

“ಓಡ್ತೀರಿ. ತಿರುಗಿದ್ದು ಯಾರೂ ನೋಡಿಲ್ಲ.”

ಡಿಸೆಂಬರಿನಲ್ಲಿ ನಾವಿಬ್ಬರೂ ಗ್ಲೆಂಡೇಲಿನ ಒಂದು ಗ್ಯಾರೇಜಿಗೆ ಹೋದೆವು. ಅನಾಹಿತ್ ಎಂಬ ಅರ್ಮೇನಿಯನ್ ಹೆಂಗಸು ಅಲ್ಲಿ ಹಳೆಯ ರೇಸ್ ಸ್ಕೀಗಳನ್ನು ಸಾಣೆ ಹಿಡಿದು ಮಾರುತ್ತಾಳೆ, ಬಾಡಿಗೆಗೂ ಕೊಡುತ್ತಾಳೆ. ತುಳಸಿ ತನಗೆ ಜೈಂಟ್ ಅಲ್ಲ, ಬರೀ ಸ್ಲಾಲಮ್ ಜಾತಿಯದು ಬೇಕೆಂದಳು. ಅದು ಗಿಡ್ಡ, ಗಟ್ಟಿ, ಇಕ್ಕಟ್ಟಿನಲ್ಲೂ ತಿರುಗುತ್ತದೆ, ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಅನಾಹಿತ್ ಅವಳನ್ನು ಮೇಲಿಂದ ಕೆಳಗೆ ನೋಡಿ ನೂರೈವತ್ತೈದು ಸೆಂಟಿಮೀಟರಿನ ಜೊತೆ ಎಳೆದಳು. ಹೆಂಗಸರ ರೇಸಿನ ಉದ್ದ ಅದೇ ಅಂದಳು, ನಿನ್ನ ಎತ್ತರಕ್ಕೂ ಸರಿ ಅಂದಳು.

“ನೀ ನನ್ನ ತೂಕ ಕೇಳಲೇ ಇಲ್ಲ,” ತುಳಸಿ ಇಂಗ್ಲಿಷಿನಲ್ಲಿ ಅಂದಳು.

ಅನಾಹಿತ್ ಕೈ ಒರೆಸಿಕೊಂಡಳು. ಅವರಲ್ಲಿಯೂ ಹೆಂಗಸರನ್ನು ತೂಕ ಕೇಳುವುದಿಲ್ಲವಂತೆ.

“ನೂರ ಎಂಬತ್ತೈದು ಪೌಂಡು,” ಅಂದಳು ತುಳಸಿ.

ಅನಾಹಿತ್ ನೂರ ಅರವತ್ತೈದರ ಜೊತೆಯನ್ನೂ ಇಳಿಸಿದಳು. ಇದು ಗಂಡಸರ ರೇಸಿನ ಉದ್ದ, ನೀನು ತಡೆಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ನೇರವಾಗಿಯೇ ಹೇಳಿದಳು. ಗೋಡೆಗೆ ಒರಗಿಸಿದರೆ ಅದು ತುಳಸಿಯ ತಲೆಯ ಮೇಲೆ ಒಂದು ಮುಷ್ಟಿಗಿಂತ ಹೆಚ್ಚಾಗಿಯೇ ನಿಂತಿತು. ತುಳಸಿ ಎರಡೂ ಜೊತೆಯನ್ನು ಬಾಡಿಗೆಗೆ ಹೊತ್ತು ತಂದಳು.

ಮನೆಯಲ್ಲಿ ವಸಿಷ್ಠ ಎರಡನ್ನೂ ನೋಡಿದ. “ಚಿಕ್ಕದೇ ಇರ್ಲಿ ಕಣೆ. ನಿನಗಿಂತ ಇಷ್ಟೊಂದು ಎತ್ತರ ಇದ್ರೆ ನೋಡೋಕೆ ಚೆನ್ನಾಗಿರಲ್ಲ.”

“ಇದು ಸೀರಿ ಅಲ್ಲ, ಮ್ಯಾಚಿಂಗ್ ನೋಡಾಕ.”

ಮಗಳು ಮೇದಿನಿ ಫ್ರಿಜ್ ಬಾಗಿಲಲ್ಲಿ ನಿಂತು, “ಡ್ಯಾಡ್, ಪ್ಲೀಸ್ ಸ್ಟಾಪ್ ಟಾಕಿಂಗ್,” ಅಂದಳು. ಆ ಹುಡುಗಿ ಅಪರೂಪಕ್ಕೆ ಬಾಯಿ ಬಿಡುತ್ತಾಳೆ, ಬಿಟ್ಟರೆ ಕೆಲಸಕ್ಕೆ ಬರುವ ಮಾತು.

ಬೆಟ್ಟದಲ್ಲಿ ನೂರೈವತ್ತೈದು ಮೊದಮೊದಲು ಬಹಳ ಹಿತವಾಗಿತ್ತು. ಸೈಕಲ್ಲಿನಂತೆ ಅತ್ತ ಅಂದರೆ ಅತ್ತ, ಇತ್ತ ಅಂದರೆ ಇತ್ತ. ವೇಗ ಏರಿದ ಮೇಲೆ ಗಟ್ಟಿ ಹಿಮದಲ್ಲಿ ಅದರ ಮೂತಿ ನಡುಗತೊಡಗಿತು. ತಿರುವಿನಲ್ಲಿ ಮೈ ಭಾರ ಹಾಕಿದರೆ ಅಡಿಯಲ್ಲಿ ಏನೂ ಇಲ್ಲದಂತೆ ಕುಸಿಯಿತು. ನೂರ ಅರವತ್ತೈದು ಮೊದಲು ಹಟ ಮಾಡಿತು. ತೊಡೆ ಉರಿದವು, ಎರಡು ಸಲ ಬಿದ್ದಳು. ಚೆನ್ನಾಗಿಯೇ ಬಿದ್ದಳು. ಬಿದ್ದಾಗ ಬೈಂಡಿಂಗ್ ಬಿಟ್ಟಿತು, ನಿಂತಾಗ ಹಿಡಿಯಿತು. ಊಟದ ಹೊತ್ತಿಗೆ ಅವಳು ಹೆದರುವುದನ್ನು ಬಿಟ್ಟು ಸ್ಕೀಯ ಮೇಲೆ ಪೂರ್ತಿ ಭಾರ ಬಿಟ್ಟಳು. ಆಗ ಅದು ಬಗ್ಗಿತು. ಬಗ್ಗಿ ತಿರುಗಿತು. ಅವಳ ಹಿಂದೆ ಹಿಮದಲ್ಲಿ ಕುಡುಗೋಲಿನಿಂದ ಗೀರಿದಂಥ ಎರಡು ಗೆರೆಗಳು.

“ಅಕ್ಕಾರ, ಇದು ನನ್ನ ತೂಕ ಕೇಳ್ತೈತ್ರಿ,” ಅಂದಳು, ಉಸಿರು ಬಿಡುತ್ತಾ. “ಮುಚ್ಚಿಟ್ಕೊಂಡ್ರ ನಡಿಯಂಗಿಲ್ಲ, ಹಾಕಬೇಕು.”

ಅದನ್ನೇ ಕೊಂಡಳು. ಹೊಸ ಬೂಟನ್ನೂ ಕೊಂಡಳು. ಬೂಟು ಬದಲಾದ ಕಾರಣ ಬೈಂಡಿಂಗನ್ನು ಮತ್ತೆ ಹೊಂದಿಸಬೇಕಿತ್ತು. ಹಾಗಾಗಿ 2024ರ ಜನವರಿಯಲ್ಲಿ ಪ್ರವಾಸದ ದಿನ ಅದೇ ಕೌಂಟರಿನ ಮುಂದೆ, ಅದೇ ಸಾಲಿನಲ್ಲಿ, ನಮ್ಮವರೆಲ್ಲರ ನಡುವೆ ನಿಂತಳು. ಅವಳ ಹಿಂದೆ ದಿವಾಕರ, ತಮ್ಮ ಉದ್ದನೆಯ ಜೊತೆಯನ್ನು ತಪಾಸಣೆಗೆ ತಂದಿದ್ದರು.

“ಏನಮ್ಮಾ, ಸ್ಕೀ ನಿನಗಿಂತ ಮುಂಚೆ ಬೆಟ್ಟ ಇಳಿಯೋ ಹಾಗಿದೆ?” ಅಂದರು. ಸಾಲು ನಕ್ಕಿತು.

“ಇಳೀಲಿ ಬಿಡ್ರಿ, ನಾ ಹಿಂದಿಂದ ಬರ್ತೀನಿ.”

ಕೌಂಟರಿನವನು ತೂಕ ಕೇಳಿದ. ವಸಿಷ್ಠನ ಬಾಯಿ ಅಭ್ಯಾಸಬಲದಿಂದ ತೆರೆಯಿತು. “ಶೀ ಈಸ್ ಅಬೌಟ್…”

“ನೀ ಸುಮ್ನಿರು,” ಅಂದಳು ತುಳಸಿ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಿರುಗಿ ಸಾಲಿಗೆ ಕನ್ನಡದಲ್ಲಿ ಹೇಳಿದಳು: “ನೂರಾ ಎಂಬತ್ತೈದು ಪೌಂಡ. ಕಿಲೋದಾಗ ಎಂಬತ್ನಾಕು. ಎಲ್ಲಾರಿಗೂ ಕೇಳಿಸ್ತಲ್ಲ?”

ಯಾರೋ ಕೆಮ್ಮಿದರು. ಯಾರೂ ನಗಲಿಲ್ಲ. ವಸಿಷ್ಠ ನೆಲ ನೋಡಿದ. ಕೌಂಟರಿನವನು ಸ್ಕ್ರೂ ತಿರುಗಿಸಿ, ಅಳೆದು, ಮುಂದಿನವರನ್ನು ಕರೆದ. ಅವನಿಗೆ ಅದು ಬರೀ ಸಂಖ್ಯೆ.

ದಿವಾಕರರ ತೂಕ ಕೇಳಿದಾಗ ಅವರು ಬಾಗಿ ಪಿಸುಗುಟ್ಟಿದರು.

“ಕೇಳಿಸ್ಲಿಲ್ರಿ ಡಾಕ್ಟ್ರ!” ತುಳಸಿ ಬಾಗಿಲಿನಿಂದ ಕೂಗಿದಳು. ಆಗ ಸಾಲಿನ ಹೆಂಗಸರೇ ಮೊದಲು ನಕ್ಕರು.

ಭಾನುವಾರ ಅವಳು ಕಂಬಗಳ ನಡುವೆ ಇಳಿದಳು. ಕಥೆ ಬೇಕಾದವರಿಗೆ ನಿರಾಸೆ: ಅವಳು ಗೆಲ್ಲಲಿಲ್ಲ. ನಮ್ಮವರ ಸಾಲಿನಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಬಂದಳು. ದಿವಾಕರರು ಮೂರನೇ ಕಂಬ ತಪ್ಪಿಸಿ ನೇರ ಹೋದರು, ಎಂದಿನಂತೆ. ತುಳಸಿ ಒಂದು ಕಂಬವನ್ನೂ ತಪ್ಪಿಸಲಿಲ್ಲ. ನಾಲ್ಕನೆಯ ತಿರುವಿನಲ್ಲಿ ಸೂರ್ಯ ಕಾಣದ ಕಡೆ ಹಿಮ ಪೂರ್ತಿ ಗಾಜಾಗಿತ್ತು, ಹಲವರು ಅಲ್ಲಿ ಜಾರಿ ಕೂತೇ ಬಿಟ್ಟಿದ್ದರು. ಅವಳು ಅಲ್ಲಿ ಇಡೀ ಮೈಯನ್ನು ಹೊರಗಾಲಿನ ಮೇಲೆ ಹಾಕಿದಳು. ಕರಕರ ಸದ್ದು ಕೆಳಗಿನವರೆಗೂ ಕೇಳಿಸಿತು. ಸ್ಕೀ ಹಿಡಿಯಿತು. ಕೆಳಗೆ ಬಂದು ನಿಂತಾಗ ಅವಳ ಕಣ್ಣು ನಮ್ಮ ಕಡೆ ಇರಲಿಲ್ಲ. ಎರಡನೇ ಓಟದ ಸಾಲು ಎಲ್ಲಿ ಎಂದು ಹುಡುಕುತ್ತಿದ್ದಳು.

ಅದಾದ ಮೇಲೆ ಬಳಗದ ಹೆಂಗಸರಲ್ಲಿ ಕೆಲವರು ಸ್ಕೀ ಕೊಳ್ಳುವ ಮಾತಾಡುತ್ತಿದ್ದಾರೆ. ಜೊತೆಗೆ ಅವರ ಗಂಡಂದಿರೂ ಮಾತಾಡುತ್ತಿದ್ದಾರೆ, ಹೆಚ್ಚಾಗಿ ಗಂಡಂದಿರೇ. ಯಾವ ಬಣ್ಣ, ಗಲ್ಲದವರೆಗೋ ಮೂಗಿನವರೆಗೋ. ಎತ್ತರ ಅಳೆಯುವುದು ಸುಲಭ, ಅದಕ್ಕೆ ಹೆಂಡತಿಯನ್ನು ಏನೂ ಕೇಳಬೇಕಾಗಿಲ್ಲ. ಆದರೆ ಸ್ಕೀಯನ್ನು ಬಗ್ಗಿಸುವುದು ಭಾರ, ಅವಳ ಕಾಲಿನ ಬಲ, ಅವಳು ಎಷ್ಟು ವೇಗವಾಗಿ ಎಂಥ ಹಿಮದ ಮೇಲೆ ಹೋಗಬಯಸುತ್ತಾಳೆ ಎನ್ನುವುದು. ಅದು ಅವಳಿಗೆ ಮಾತ್ರ ಗೊತ್ತು.

ಆದ್ದರಿಂದ ಓದುತ್ತಿರುವ ನಿಮಗೇ ಹೇಳುತ್ತಿದ್ದೇನೆ, ಪಕ್ಕದವರಿಗಲ್ಲ. ಮುಂದಿನ ಸಲ ಕೌಂಟರಿನಲ್ಲಿ ಅವಳ ತೂಕ ಕೇಳಿದಾಗ ನೀವು ಬಾಯಿ ಮುಚ್ಚಿಕೊಂಡು ನಿಲ್ಲಿ. ಮತ್ತೆ ನೀವೇ ಆ ಹೆಂಗಸಾಗಿದ್ದರೆ, ಸಾಲಿನ ಕೊನೆಯವರೆಗೂ ಕೇಳಿಸುವ ಹಾಗೆ ಹೇಳಿ.