ಜಗಳಕ್ಕೆ ಬಂದವಳಿಗೆ ಚಹಾ ಕೊಟ್ಟ ಮೇಷ್ಟ್ರು

ಮಾನವಶಾಸ್ತ್ರವೆಂದರೆ ಎಲ್ಲೋ ದೂರದ ಕಾಡಿನಲ್ಲಿ ತಲೆಬುರುಡೆ ಅಳೆಯುವ ವಿದ್ಯೆಯೆಂದು ನಂಬಿದ್ದ ನಮ್ಮಂಥವರಿಗೆ, ಆಸ್ಪತ್ರೆಯ ಸಾಲಿನಲ್ಲೂ ಬಸ್ ನಿಲ್ದಾಣದ ಬೆಂಚಿನ ಮೇಲೂ ಆ ವಿದ್ಯೆಗೆ ಬೇಕಾದಷ್ಟು ಕೆಲಸವಿದೆಯೆಂದು ಮೂರು ದಶಕಗಳ ಕಾಲ ತಾಳ್ಮೆಯಿಂದ ತೋರಿಸಿಕೊಟ್ಟವರು ಪೂಜ್ಯ ಗುರುಗಳು. ವಿಭಾಗದಲ್ಲಿ ಅವರಿಗೆ 'ಎಲ್ಲಿ ನೋಡಿದ್ರಿ ಮೇಷ್ಟ್ರು' ಎಂದೇ ಅಡ್ಡಹೆಸರು. 'ಈಗಿನ ಜನ ಸೋಮಾರಿಗಳು' ಎಂದು ಯಾರಾದರೂ ಅಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ ಆ ಪ್ರಶ್ನೆಯನ್ನು ಕೇಳಿಯೇ ಬಿಡುತ್ತಿದ್ದರು. ಅವರ ವಿದ್ವತ್ತಿನ ಕುರಿತು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಹೇಳಬೇಕಾದದ್ದು, ಅವರೊಡನೆ ಜಗಳವಾಡಲು ಹೋದ ಒಂದು ಮಧ್ಯಾಹ್ನದ ಕಥೆ.

ಆಗ ನನ್ನ ಮಗಳು ಅವರ ವಿಭಾಗದ ಎಂ.ಎ. ತರಗತಿಗೆ ಸೇರಿ ತಿಂಗಳಾಗಿತ್ತಷ್ಟೆ. 'ಇದನ್ನು ಓದಿ ಮುಂದೇನು?' ಎಂದು ನೆಂಟರಿಷ್ಟರೆಲ್ಲ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಸಿದ್ದರು. ಯಜಮಾನರು 'ಅವಳಿಷ್ಟ' ಎಂದು ಪತ್ರಿಕೆಯ ಹಿಂದೆ ಅಡಗಿಕೊಂಡದ್ದರಿಂದ, ಅವಳ ಪ್ರವೇಶ ರದ್ದು ಮಾಡಿಸಿ ಲೆಕ್ಕಪತ್ರದ ಕೋರ್ಸಿಗೆ ಸೇರಿಸುವ ಹೊಣೆ ನನ್ನ ಹೆಗಲಿಗೇ ಬಿತ್ತು. ಮಗಳಿಗೆ ಸುಳಿವು ಕೊಡದೆ ಟೊಂಕ ಕಟ್ಟಿ ಹೊರಟೆ.

ಅಂದು ವಿಭಾಗದಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಹಾಕೂಟವೆಂದು ನನಗೇನು ಗೊತ್ತು? ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಪರಿಚಯ ಹೇಳದೆ ಸಾಲಾಗಿ ಕೂರಿಸುವುದು. ಹೊಸಬರು ಚಹಾ ಮುಗಿಯುವವರೆಗೆ ಅವರನ್ನು ಗಮನಿಸಿ, ಯಾರು ಯಾವ ಕೆಲಸದಲ್ಲಿದ್ದಾರೆಂದು ಕಾರಣಸಹಿತ ಹೇಳುವುದು. ಇದು ಗುರುಗಳೇ ಕಟ್ಟಿದ ಆಟ. ನಾನು ಆ ಸಾಲಿನ ತುದಿಯ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟೆ. ಯಾರೋ ಚಹಾ ತಂದುಕೊಟ್ಟರು. ಸಿಟ್ಟಿನಲ್ಲಿದ್ದರೂ ಕುಡಿದೆ; ಚಹಾ ಚೆನ್ನಾಗಿತ್ತು.

ಒಬ್ಬೊಬ್ಬರ ಸರದಿಯೂ ಮುಗಿದು ನನ್ನ ಸರದಿ ಬಂತು. ಒಬ್ಬ ಉದ್ದನೆಯ ಹುಡುಗ ಎದ್ದು, "ಈ ಮೇಡಂ ಮಾತ್ರ ಪಕ್ಕಾ ನಮ್ಮ ಸಬ್ಜೆಕ್ಟಲ್ಲೇ ಸಂಶೋಧನೆ ಮಾಡೋರು ಸರ್" ಎಂದ.

"ಎಲ್ಲಿ ನೋಡಿದ್ರಿ?"

"ಬಂದಾಗಿಂದ ನಮ್ಮನ್ನೇ ನೋಡ್ತಿದಾರೆ ಸರ್. ಯಾರು ಎರಡು ಬಿಸ್ಕತ್ತು ತಗೊಂಡ್ರು ಅನ್ನೋದೂ ಅವರಿಗೆ ಗೊತ್ತಿರುತ್ತೆ."

ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ ಮಗಳು ಕಣ್ಣಿಗೆ ಬಿದ್ದಳು. ಎದ್ದು ನಿಂತೆ. "ನಾನು ಅವಳಮ್ಮ. ಅವಳನ್ನ ಬಿಡಿಸ್ಕೊಂಡು ಹೋಗೋಕೆ ಬಂದಿದೀನಿ. ಮತ್ತೆ ಆ ಬಿಸ್ಕತ್ತು ತಗೊಂಡಿದ್ದು ನೀನೇ ಕಣಪ್ಪ. ಎರಡಲ್ಲ, ಮೂರು."

ಸಭೆಯೆಲ್ಲ ನಕ್ಕಿತು. ಗುರುಗಳು ನಗುತ್ತಲೇ ಬಳಿಗೆ ಬಂದು, "ಅಮ್ಮ, ಮುಂದೇನು ಅಂತ ನನ್ನ ಕೇಳಿದ್ರೆ ನಾನು ನನ್ನ ಅಂಗಡಿನೇ ಹೊಗಳ್ತೀನಿ. ಇವರನ್ನೇ ಕೇಳಿ. ಸಂಬಳಾನೂ ಕೇಳಿ, ನಾಚ್ಕೋಬೇಡಿ" ಎಂದರು. ನಾಚಿಕೆ ನನ್ನ ಜಾಯಮಾನವೇ ಅಲ್ಲ. ಒಬ್ಬಾತ ವಸ್ತುಸಂಗ್ರಹಾಲಯದಲ್ಲಿದ್ದ, ಒಬ್ಬಾಕೆ ಜನ ರಸ್ತೆಯನ್ನು ಎಲ್ಲಿ ದಾಟುತ್ತಾರೆಂದು ನೋಡಿ ನಗರ ಯೋಜನೆಯವರಿಗೆ ತಿಳಿಸುತ್ತಿದ್ದಳು, ಮಿಕ್ಸಿ ಕಂಪನಿಯವನೊಬ್ಬ ಮನೆಮನೆಯ ಅಡುಗೆಮನೆಯಲ್ಲಿ ನಿಂತು ಹೆಂಗಸರಿಂದ ಬೈಸಿಕೊಳ್ಳುವುದೇ ತನ್ನ ಉದ್ಯೋಗವೆಂದ. ಅಣೆಕಟ್ಟಿಗಾಗಿ ಮನೆ ಬಿಟ್ಟವರ ನಡುವೆ ಕೆಲಸ ಮಾಡುತ್ತಿದ್ದ ಇನ್ನೊಬ್ಬಾಕೆ, ಓದು ಮುಗಿದ ಮೇಲೆ ತನಗೆ ಎರಡು ವರ್ಷ ಕೆಲಸವೇ ಸಿಗಲಿಲ್ಲವೆಂದಳು. ಗುರುಗಳು ಅವಳ ಮಾತನ್ನು ತಡೆಯಲಿಲ್ಲ, ಮುಚ್ಚಿ ಸಾರಿಸಲೂ ಇಲ್ಲ. ನನಗೆ ನಂಬಿಕೆ ಹುಟ್ಟಿದ್ದು ಆಗಲೇ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಮಗಳು ಮೆಲ್ಲಗೆ, "ಅಮ್ಮ, ನಾನು ಇಲ್ಲೇ ಓದ್ಲಾ?" ಎಂದಳು.

"ಓದು. ಹಾಗೇ, ಸೇರೋಕೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ ಅಂತ ನಿಮ್ಮ ಮೇಷ್ಟ್ರನ್ನ ಒಂದ್ಸಲ ಕೇಳು."

ಮಿತಿ ಇರಲಿಲ್ಲ. ಮಗಳು ಮುಗಿಸಿ ಹೊರಬಿದ್ದ ವರ್ಷ, ಮದುವೆಗೆ ಮುಂಚಿನ ಬಿ.ಎ. ಪ್ರಮಾಣಪತ್ರದ ಧೂಳು ಕೊಡವಿ, ನಲವತ್ತಾರನೆಯ ವಯಸ್ಸಿನಲ್ಲಿ ನಾನು ಒಳಹೊಕ್ಕೆ. ಆದರೆ ಮೊದಲ ವರ್ಷವೇ ಅತ್ತೆಯವರು ಆಸ್ಪತ್ರೆ ಸೇರಿದರು. ಓದು ನನ್ನ ಹಣೆಯಲ್ಲಿ ಬರೆದಿಲ್ಲವೆಂದುಕೊಂಡು, ಬಿಟ್ಟುಬಿಡುತ್ತೇನೆಂದು ಹೇಳಲು ಗುರುಗಳ ಕೋಣೆಗೆ ಹೋದಾಗ ಅಳುವೇ ಬಂದುಬಿಟ್ಟಿತು. ಅವರು, "ಹೇಗೂ ದಿನಾ ಅಲ್ಲಿ ಕೂತಿರ್ತೀರಲ್ಲ, ಅದನ್ನೇ ನಿಮ್ಮ ಕ್ಷೇತ್ರಕಾರ್ಯ ಮಾಡ್ಕೊಳ್ಳಿ" ಎಂದರು. ಬಿಡಬೇಕೆಂದಿದ್ದ ಓದನ್ನು ಅವರ ಆ ಒಂದು ಮಾತು ಉಳಿಸಿತು.

'ರೋಗಿಗಳ ಕಡೆಯವರಿಗೆ ಶಿಸ್ತಿಲ್ಲ, ಕುರ್ಚಿ ಖಾಲಿಯಿದ್ದರೂ ಬಾಗಿಲಿಗೆ ಮುಗಿಬೀಳುತ್ತಾರೆ' ಎಂದು ಠೀವಿಯಿಂದ ಬರೆದುಕೊಟ್ಟೆ. 'ಆ ಕುರ್ಚಿಯಲ್ಲಿ ಕೂತು ನೋಡಿದಿರಾ?' ಎಂಬ ಗುರುಗಳ ಷರಾ ಹೊತ್ತು ಹಾಳೆ ವಾಪಸು ಬಂತು. ಗೊಣಗುತ್ತಲೇ ಹೋಗಿ ಕೂತೆ. ಒಳಗೆ ನರ್ಸ್ ಕೂಗುವ ಹೆಸರು ಅಲ್ಲಿಗೆ ಕೇಳಿಸುತ್ತಲೇ ಇರಲಿಲ್ಲ! ಅದನ್ನು ಬರೆದೆ, ಆಸ್ಪತ್ರೆಯವರಿಗೂ ತೋರಿಸಿದೆ. ಆಸ್ಪತ್ರೆಯವರು ಕುರ್ಚಿಗಳನ್ನು ಬಾಗಿಲ ಬಳಿಗೆ ತಂದರು. ಅತ್ತೆಯವರು ಗುಣವಾಗಿ ಮನೆಗೆ ಬಂದು, ನನ್ನ ಪ್ರಬಂಧದಲ್ಲಿ ತಮ್ಮ ಹೆಸರೇಕಿಲ್ಲವೆಂದು ಮುನಿಸಿಕೊಂಡರು. ಓದು ಮುಗಿದ ಮೇಲೆ ಅದೇ ಆಸ್ಪತ್ರೆ ನನಗೆ ಕೆಲಸ ಕೊಟ್ಟಿತು. ಬರಹೇಳಿದ ದಿನ ರೋಗಿಗಳು ಏಕೆ ಮರಳಿ ಬರುವುದಿಲ್ಲವೆಂದು ತಿಳಿದು ವೈದ್ಯರಿಗೆ ಹೇಳುವುದು ಇಂದಿಗೂ ನನ್ನ ಉದ್ಯೋಗ. 'ಮುಂದೇನು' ಎಂದು ಕೇಳುತ್ತಿದ್ದ ನೆಂಟರು ಈಗ ನನ್ನ ಗುರುತು ಹೇಳಿಕೊಂಡೇ ಅಲ್ಲಿಗೆ ಬರುತ್ತಾರೆ.

ಕಳೆದ ತಿಂಗಳು ಚಹಾಕೂಟಕ್ಕೆ ನಾನೂ ಮಗಳೂ ಹೋಗಿದ್ದೆವು. ಗುರುಗಳು ನಿವೃತ್ತಿಪೂರ್ವ ರಜೆಯಲ್ಲಿದ್ದುದರಿಂದ ಹೊಸ ಮಕ್ಕಳಿಗೆ ಅವರ ಮುಖಪರಿಚಯವಿರಲಿಲ್ಲ. ಅವರು ತುಂಟನಗೆ ಬೀರುತ್ತ ನಮ್ಮ ಸಾಲಿನ ತುದಿಯಲ್ಲೇ, ನಾನು ಅಂದು ಕೂತ ಜಾಗದಲ್ಲಿ ಕೂತರು. ಅವರ ಸರದಿ ಬಂದಾಗ ಒಬ್ಬ ಹುಡುಗಿ ಹಿಂಜರಿಯುತ್ತ, "ಇವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅನ್ಸುತ್ತೆ, ಹುಡುಕ್ತಿದಾರೆ" ಎಂದಳು.

ಗುರುಗಳ ಕನ್ನಡಕ ಹಣೆಗೇರಿತು. "ಎಲ್ಲಿ ನೋಡಿದ್ರಿ?"

"ಮಿಕ್ಕವರೆಲ್ಲ ತಮಗೆ ಗೊತ್ತಿರೋದನ್ನ ಹೇಳ್ತಿದ್ರು. ಇವರೊಬ್ಬರೇ ಎಲ್ಲರನ್ನೂ ಕೇಳ್ತಾ ಇದ್ರು."

ನಾವು ಯಾರೂ ನಗಲಿಲ್ಲ. ಗುರುಗಳ ಕಣ್ಣು ತುಂಬಿ ಬಂದದ್ದನ್ನು ನಾನು ನೋಡಿದೆ. 'ಎಲ್ಲಿ ನೋಡಿದ್ರಿ' ಎಂದು ಅವರು ಕೇಳಿದರೆ, ಪಕ್ಕದ ಕುರ್ಚಿಯಿಂದ ಎಂದು ಹೇಳಬಲ್ಲೆ. ಅವರಿಗೆ ದೀರ್ಘಾಯುರಾರೋಗ್ಯಗಳು ದೊರೆಯಲಿ, ಹೀಗೇ ಎಲ್ಲರನ್ನೂ ಕೇಳುತ್ತಲೇ ಇರಲು, ಆ ಹುಡುಗಿ ಹೇಳಿದ ಕೆಲಸ ಮಾತ್ರ ಅವರಿಗೆ ಎಂದೆಂದಿಗೂ ಸಿಗದಿರಲಿ.