ಅತ್ತಿಗೆಯ ವೆಬ್‌ಸೈಟಿನ ಮುಯ್ಯಿ

ಇಂಟರ್‌ನೆಟ್ಟಿನ ಹುಡುಕುವ ಪೆಟ್ಟಿಗೆಯಲ್ಲಿ ನಮ್ಮ ವ್ಯಾಪಾರದ ಹೆಸರನ್ನು ಟೈಪ್ ಮಾಡಿದೆ. ಬರಲಿಲ್ಲ. ಅಕ್ಷರ ಅಕ್ಷರ ನೋಡಿಕೊಂಡು ಮತ್ತೆ ಮಾಡಿದೆ. ಮೊನ್ನೆಮೊನ್ನೆಯವರೆಗೆ ಮೊದಲ ಪುಟದಲ್ಲೇ ಕಾಣುತ್ತಿದ್ದ ಅತ್ತಿಗೆಯ ವೆಬ್‌ಸೈಟು ಕೊನೆಯ ಪುಟದಲ್ಲೂ ಇಲ್ಲ. ಎರಡು ವಾರದಿಂದ ಒಬ್ಬ ಗಿರಾಕಿಯ ಪತ್ರವೂ ಬಾರದಿದ್ದುದು ಯಾಕೆಂದು ಆಗ ಗೊತ್ತಾಯಿತು.

ಅತ್ತಿಗೆ ಶಿಡ್ಲಘಟ್ಟದ ನಮ್ಮ ಮನೆಯ ಪಡಸಾಲೆಯಲ್ಲಿ ರೇಷ್ಮೆ ಗೂಡಿನ ಮದುವೆ ಹಾರ ಮಾಡುತ್ತಿದ್ದರು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಅದನ್ನೇ ಕತ್ತರಿಸಿ, ಬಣ್ಣ ಹಾಕಿ, ಪೋಣಿಸುತ್ತಿದ್ದರು. ಅದಕ್ಕೂ ಮೊದಲು ಅವರು ನೂಲು ಬಿಚ್ಚುವ ಕಾರ್ಖಾನೆಯಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಕೂರುತ್ತಿದ್ದವರು. ಬೆರಳ ತುದಿ ಸುಲಿದು, ಮುದ್ದೆ ಮುರಿಯುವಾಗಲೂ ಮುಖ ಕಿವುಚುತ್ತಿದ್ದರು.

"ಆಷಾಢ ಮುಗಿಯೋದ್ರೊಳಗೆ ಹಾರದ ಕೆಲ್ಸ ಕೈ ಹತ್ಬೇಕು ಕಣಪ್ಪಾ. ಇಲ್ದಿದ್ರೆ ಮತ್ತೆ ಬಿಸಿನೀರೇ ಗತಿ" ಎಂದು ಕಾರ್ಖಾನೆ ಬಿಟ್ಟಾಗ ಹೇಳಿದ್ದರು.

ವೆಬ್‌ಸೈಟು ಮಾಡಿಸಿದ ಹೊಸದರಲ್ಲಿ ಅದರ ಕಡೆ ನರಪಿಳ್ಳೆಯೂ ತಿರುಗಿ ನೋಡಿರಲಿಲ್ಲ. ನಾನಾಗ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಒತ್ತಿದರೆ ನಮ್ಮ ಸೈಟು ತೆರೆಯುವ ಹಾಗೆ ಬೇರೆಯವರ ಸೈಟುಗಳಲ್ಲಿ ನಮ್ಮ ಹೆಸರು ಎಷ್ಟು ಹೆಚ್ಚು ಇರುತ್ತದೋ ಹುಡುಕಾಟದಲ್ಲಿ ನಾವು ಅಷ್ಟು ಮೇಲೆ ಬರುತ್ತೇವೆ, ಅದಕ್ಕೇ ಜನ ಒಬ್ಬರ ಹೆಸರನ್ನು ಒಬ್ಬರು ಹಾಕಿಕೊಳ್ಳುತ್ತಾರೆ ಎಂದು ಎಲ್ಲೋ ಓದಿ ಅತ್ತಿಗೆಗೆ ಹೇಳಿದೆ.

"ಮುಯ್ಯಿ ಅನ್ನು ಮತ್ತೆ!" ಎಂದರು ಅತ್ತಿಗೆ. "ಅವ್ರು ನಮ್ಮನೆ ಮದ್ವೆಗೆ ಬಂದು ಮುಯ್ಯಿ ಮಾಡಿದ್ರೆ ನಾವು ಅವ್ರ ಮನೆಗೆ ಹೋಗಿ ತೀರ್ಸಲ್ವಾ, ಹಂಗೆ."

ಮುಯ್ಯಿಯ ವಿಷಯದಲ್ಲಿ ಅವರನ್ನು ಮೀರಿಸುವವರು ಅವರ ತವರು ನಗರಗೆರೆಯಲ್ಲೂ ಇರಲಿಲ್ಲ. ನೋಡನೋಡುತ್ತಿದ್ದಂತೆ ಇಂಗ್ಲಿಷಿನಲ್ಲಿ ಈಮೇಲ್‌ಗಳು ಬರತೊಡಗಿದವು. ನಿಮ್ಮ ಹೆಸರು ನಮ್ಮಲ್ಲಿ ಹಾಕಿದ್ದೇವೆ, ನಮ್ಮದನ್ನು ನಿಮ್ಮಲ್ಲಿ ಹಾಕಿ ಎಂದು. ನಾನು ಓದಿ ಹೇಳುತ್ತಿದ್ದೆ, ಅತ್ತಿಗೆ ಒಬ್ಬರನ್ನೂ ಬೇಡವೆನ್ನುತ್ತಿರಲಿಲ್ಲ. "ಕೇಳ್ಕೊಂಡು ಬಂದೋರ್ನ ಬಾಗಿಲಲ್ಲೇ ನಿಲ್ಸೋದಾ?" ಎನ್ನುವರು. ನಾನು ನಮ್ಮ ‘ಸ್ನೇಹಿತರು’ ಪುಟದಲ್ಲಿ ಹಾಕುತ್ತಾ ಹೋದೆ. ಆ ಆಮೆ ಇಂಟರ್‌ನೆಟ್ಟಿನಲ್ಲಿ ಒಂದೊಂದನ್ನೂ ತೆರೆದು ನೋಡುವ ತಾಳ್ಮೆ ಯಾರಿಗಿತ್ತು? ನನಗಂತೂ ಇರಲಿಲ್ಲ.

ಈಗ ಹೆಸರೇ ಮಾಯವಾದಾಗ ಅತ್ತಿಗೆಯೊಂದಿಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಸೈಟು ಮಾಡಿಕೊಟ್ಟವರು ಅಲ್ಲಿದ್ದರು. ಅವರು ನಮ್ಮ ‘ಸ್ನೇಹಿತರು’ ಪುಟ ತೆರೆದು, ಒಂದೆರಡು ಹೆಸರು ಒತ್ತಿದ್ದೇ ತಡ, ಗಡಬಡಿಸಿ ಪರದೆಯನ್ನು ಗೋಡೆ ಕಡೆ ತಿರುಗಿಸಿಬಿಟ್ಟರು.

"ಅಮ್ಮಾ, ನೀವು ಸ್ವಲ್ಪ ಆಚೆ ಕೂತ್ಕೊಳಿ" ಎಂದು ಅತ್ತಿಗೆಯನ್ನು ಕಳಿಸಿ ನನ್ನತ್ತ ತಿರುಗಿದರು. "ಯಾರ್ರೀ ಇವ್ರೆಲ್ಲಾ?"

ಜೂಜಿನವರು, ನಿದ್ದೆಮಾತ್ರೆ ಮಾರುವವರು, ಬೋಳುತಲೆಯಲ್ಲಿ ಕೂದಲು ಬೆಳೆಸುವವರು. ಹೆಂಗಸರೆದುರು ತೆರೆಯಲಾಗದ ಸೈಟುಗಳಂತೂ ಸಾಲುಸಾಲು. ಮದುವೆ ಹಾರ ಮಾರುವ ಮನೆಯ ನೆಂಟರು ಇವರು! ಇಂಥ ಸಹವಾಸ ಕಂಡರೆ ಹುಡುಕುವ ಯಂತ್ರ ಸೈಟನ್ನೇ ಕಿತ್ತುಹಾಕುತ್ತದಂತೆ. ಎಲ್ಲರನ್ನೂ ತೆಗೆದು, ತಪ್ಪಾಯಿತೆಂದು ಯಂತ್ರದವರಿಗೆ ಅರ್ಜಿ ಹಾಕಿ ಕಾಯಬೇಕು. ಮತ್ತೆ ಸೇರಿಸಿಕೊಂಡರೆ ಪುಣ್ಯ.

ವಾಪಸು ಬಸ್ಸಿನಲ್ಲಿ ವಿಷಯ ಹೇಳಿದಾಗ ಅತ್ತಿಗೆ ತಗಾದೆ ತೆಗೆದರು. "ಹೇಳ್ದೆ ಕೇಳ್ದೆ ತೆಗೆಯೋದು ಮರ್ಯಾದೆ ಅಲ್ಲ. ಒಂದ್ ಮಾತು ತಿಳ್ಸಿ ತೆಗಿ."

"ಜೂಜುಕೋರರಿಗೂ ಮರ್ಯಾದೆ ಮಾಡ್ಬೇಕಾ ಅತ್ತಿಗೆ?" ಎಂದು ನಾನು ಕೂಗಿದ್ದಕ್ಕೆ ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಅತ್ತಿಗೆ ಬಗ್ಗಲಿಲ್ಲ.

ಮರುದಿನ ಇನ್‌ಸ್ಟಿಟ್ಯೂಟಿನಲ್ಲಿ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕುಳಿತರು. ತಿಳಿಸುವ ಮುನ್ನ ನಮ್ಮ ಹೆಸರನ್ನು ಎಲ್ಲಿ ಹಾಕಿದ್ದಾರೆಂದು ಅವರಿಗೆ ನೋಡಬೇಕಿತ್ತು. ಕೆಟ್ಟ ಸೈಟುಗಳು ಬಂದಾಗ ಅವರಿಗೆ ಗೋಡೆ ಕಡೆ ಮುಖ ಮಾಡಲು ಹೇಳಿ ನಾನೇ ಹುಡುಕಿದೆ. ಮೊದಲನೆಯದರಲ್ಲಿ ನಮ್ಮ ಹೆಸರಿಲ್ಲ. ಮುಂದಿನದರಲ್ಲೂ ಇಲ್ಲ. ಅದರಾಚೆಗೂ ಇಲ್ಲ. ನನಗೆ ನಂಬಲಾಗಲಿಲ್ಲ.

"ಸರ್ಯಾಗಿ ನೋಡಪ್ಪಾ" ಎನ್ನುತ್ತಿದ್ದ ಅತ್ತಿಗೆಯ ದನಿ ಬರುಬರುತ್ತಾ ಇಳಿಯಿತು. "ಅಯ್ಯೋ ದೇವುಡಾ, ಅಂದ್ರೆ ಇವ್ರ್ಯಾರೂ ನಮ್ಮನೆಗೆ ಬಂದೇ ಇಲ್ವಾ?"

ಯಾರೂ ಬಂದಿರಲಿಲ್ಲ. ನಾವು ಮಾತ್ರ ಮರ್ಯಾದಸ್ಥರಂತೆ ಎಲ್ಲರಿಗೂ ಮುಯ್ಯಿ ಮಾಡಿಕೊಂಡು ಕೂತಿದ್ದೆವು. ಒಬ್ಬೊಬ್ಬರನ್ನೇ ಅಳಿಸಿದೆ. ಅತ್ತಿಗೆ ತಿಳಿಸುವ ಮಾತೆತ್ತಲಿಲ್ಲ.

ಕೊನೆಗೆ ಉಳಿದದ್ದು ಯಾವುದೋ ದೂರದ ದೇಶದಲ್ಲಿ ಅಂಗಿಗೆ ಹಾಕುವ ಮರದ ಗುಂಡಿ ಮಾಡಿ ಮಾರುವ ಹೆಂಗಸಿನ ಸೈಟು. ತೆರೆದೆ. ಪುಟದ ಬುಡದಲ್ಲಿ ನಮ್ಮ ಹೆಸರಿತ್ತು! ಜೊತೆಗೆ ಆಕೆ ಸ್ವಂತವಾಗಿ ಬರೆದ ಒಂದು ಸಾಲು: ಚಿಟ್ಟೆ ಬಿಟ್ಟುಹೋದ ಮನೆಗಳಿಂದ ಹಾರ ಕಟ್ಟುವವರು. ಆ ಸಾಲನ್ನು ಅತ್ತಿಗೆಗೆ ಕನ್ನಡದಲ್ಲಿ ಓದಿ ಹೇಳಿದೆ. ಆದರೂ ಎಲ್ಲರನ್ನೂ ತೆಗೆಯಬೇಕೆಂದಿದ್ದರಲ್ಲ, ಅಳಿಸಲು ಹೋದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ಮುಟ್ಬೇಡ."

"ಇದರಿಂದ್ಲೇ ಮತ್ತೆ ಸೇರಿಸ್ಕೊಳ್ದೆ ಹೋದ್ರೆ?"

"ಬಂದೋರ್ನ ಹೆಂಗಪ್ಪಾ ಕಳ್ಸೋದು?"

ಅರ್ಜಿ ಹಾಕಿದೆ. ಉತ್ತರ ಬರಲಿಲ್ಲ. ಆಷಾಢದ ಕೊನೆಯ ದಿನಗಳು ಬಂದವು. ಅತ್ತಿಗೆ ಕಾರ್ಖಾನೆಗೆ ಹೋಗಿ, ಶ್ರಾವಣದಿಂದ ಬರ್ತೀನಿ ಅಂತ ಹೇಳಿ ಬಂದರು. ಮನೆಗೆ ಬಂದವರೇ ಬಣ್ಣದ ಡಬ್ಬಿಗಳನ್ನು ಅಟ್ಟಕ್ಕೇರಿಸಿದರು. ನನಗೆ ನೋಡಲಾಗಲಿಲ್ಲ.

ಆ ವಾರವೇ ಒಂದು ಪತ್ರ ಬಂತು. ಪರದೇಶದ ಕರಕುಶಲ ಅಂಗಡಿಯವರು ನಮ್ಮ ಮನೆಯ ಕೈಗಳಿಗೆ ದೀಪಾವಳಿಯವರೆಗೂ ಕೆಲಸ ಸಾಲುವಷ್ಟು ಹಾರ ಕೇಳಿದ್ದರು. ಯಂತ್ರ ನಮ್ಮನ್ನು ಸೇರಿಸಿಕೊಂಡಿತೆಂದು ಕುಣಿದು, ತಕ್ಷಣ ಹೆಸರು ಟೈಪ್ ಮಾಡಿದೆ. ನಾವು ಅಲ್ಲಿರಲಿಲ್ಲ. ಹಾಗಾದರೆ ಇವರಿಗೆ ನಾವು ಸಿಕ್ಕಿದ್ದು ಹೇಗೆ? ಪತ್ರವನ್ನು ಕೊನೆಯವರೆಗೆ ಓದಿದೆ. ಮರದ ಗುಂಡಿ ಕೊಳ್ಳಲು ಹೋಗಿದ್ದೆವು, ಆ ಪುಟದ ಬುಡದಲ್ಲಿ ನಿಮ್ಮ ಹೆಸರಿತ್ತು ಎಂದು ಬರೆದಿದ್ದರು. ಅದನ್ನು ಅತ್ತಿಗೆಗೆ ಓದಿ ಹೇಳಿದೆ. ಅತ್ತಿಗೆ ತಲೆಯಾಡಿಸಿ, ಅಟ್ಟದಿಂದ ಡಬ್ಬಿ ಇಳಿಸಲು ಏಣಿ ತಂದರು.

ಮೊದಲ ಹಾರ ಸಿದ್ಧವಾದಾಗ ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ನನ್ನ ಮುಂದಿಟ್ಟರು.

"ಅಂಗಡಿಯವ್ರಿಗೆ ಒಂದೇ ಕಳಿಸ್ತೀರಾ ಅತ್ತಿಗೆ?"

"ಅಂಗಡಿಯೋರ್ದು ಆಮೇಲೆ. ಇದು ಆ ಗುಂಡಿಯಮ್ಮಂಗೆ. ವಿಳಾಸ ಬರಿ."